ಬರೋಲೊ ಬಾಟಲಿಯನ್ನು ಎಷ್ಟು ವರ್ಷ ಕಾಯಿಸಬೇಕು?

ಪ್ರಶ್ನೆ: ಇಟಲಿಯ ಟ್ಯೂರಿನ್‌ನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಕಳೆದ ದೀಪಾವಳಿಗೆ ಮೈಸೂರಿಗೆ ಬಂದಾಗ ಎರಡು ಬಾಟಲಿ ಬರೋಲೊ ವೈನ್ ತಂದುಕೊಟ್ಟ. ಲೇಬಲ್ ಮೇಲೆ 2016 ಎಂದೂ ಸೆರ್ರಾಲುಂಗಾ ದಾಲ್ಬಾ ಎಂದೂ ಇದೆ. ಮದ್ಯಸಾರ ಶೇಕಡಾ 14.5. ಯುಗಾದಿಯ ಮರುದಿನ ಒಂದನ್ನು ತೆರೆದು ಆಗಲೇ ಲೋಟಗಳಿಗೆ ಹಾಕಿದೆವು. ಕೆಂಪು ವೈನ್ ಎಂದರೆ ಗಾಢ ಬಣ್ಣ ಇರುತ್ತದೆ ಎಂದುಕೊಂಡಿದ್ದರೆ ಇದು ತೆಳ್ಳಗೆ, ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಒಂದು ಗುಟುಕಿಗೆ ಬಾಯೆಲ್ಲ ಒಣಗಿ ಒಸಡು ಹಿಡಿದುಕೊಂಡಂತಾಯಿತು. ಪರಿಮಳ ಚೆನ್ನಾಗಿತ್ತು, ಆದರೆ ಬಂದವರೆಲ್ಲ ವೈನ್ ಕೆಟ್ಟಿದೆ ಎಂದರು. ತಮ್ಮನನ್ನು ಕೇಳಿದರೆ ನಕ್ಕು, ‘ಇನ್ನೊಂದನ್ನು 2040ರವರೆಗೆ ಮುಟ್ಟಬೇಡ’ ಎನ್ನುತ್ತಾನೆ. ಅದು ಈಗ ಮಲಗುವ ಕೋಣೆಯ ಬೀರುವಿನ ಮೇಲೆ ನಿಂತಿದೆ. ಕೆಟ್ಟಿದೆಯೋ, ಇನ್ನೂ ಎಳೆಯದೋ? ಎಷ್ಟು ಕಾಲ ಇಡಬಹುದು?

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಆ ವೈನ್ ಕೆಟ್ಟಿರಲಿಲ್ಲ. ತೆಳು ಬಣ್ಣ, ಇಟ್ಟಿಗೆ ಛಾಯೆಯ ಅಂಚು, ಬಾಯಿ ಕಟ್ಟುವ ಒಗರು, ಇವು ಮೂರೂ ಬರೋಲೊದ ಹುಟ್ಟುಗುಣಗಳು. ಕೆಟ್ಟ ವೈನ್ ಬೇರೆ ರೀತಿಯಲ್ಲಿ ತನ್ನನ್ನು ತೋರಿಸಿಕೊಳ್ಳುತ್ತದೆ. ಕಾರ್ಕಿನ ದೋಷ ತಗುಲಿದ್ದರೆ ಒದ್ದೆ ರಟ್ಟಿನ ವಾಸನೆ ಬಂದು ಹಣ್ಣಿನ ಪರಿಮಳವೆಲ್ಲ ಮಂಕಾಗುತ್ತದೆ. ಗಾಳಿ ಹೊಕ್ಕಿದ್ದರೆ ಕತ್ತರಿಸಿಟ್ಟು ಕಂದಾದ ಸೇಬಿನ ವಾಸನೆ ಮೂಗಿಗೆ ಬಡಿಯುತ್ತದೆ. ಬ್ಯಾಕ್ಟೀರಿಯಾ ಸೇರಿದ್ದರೆ ವಿನೆಗರ್ ಘಾಟು. ಬಿಸಿಲಿಗೆ ಬೆಂದಿದ್ದರೆ ಜಾಮ್ ಕಾಯಿಸಿದಂಥ ಮಂದ ಸಿಹಿ ವಾಸನೆ. ಪರಿಮಳ ಚೆನ್ನಾಗಿತ್ತು ಎಂದು ನೀವೇ ಬರೆದಿದ್ದೀರಿ. ಅದೊಂದು ಮಾತಿನಿಂದಲೇ ಹೆಚ್ಚಿನ ಅನುಮಾನ ಕಳೆಯುತ್ತದೆ. ಇನ್ನು ನಿಮ್ಮ ತಮ್ಮ ಹೇಳಿದ 2040ರ ಮಾತು: ಬರೋಲೊ ಹುಟ್ಟುವ ಲಾಂಗೆ ಬೆಟ್ಟಸಾಲಿನ ತಣ್ಣನೆಯ ನೆಲಮಾಳಿಗೆಯಲ್ಲಿ ಮಲಗಿರುವ ಬಾಟಲಿಗೆ ಅದು ಉತ್ಪ್ರೇಕ್ಷೆಯಲ್ಲ, ಆದರೆ ಮೈಸೂರಿನ ಬೀರುವಿನ ಮೇಲೆ ನಿಂತಿರುವ ಬಾಟಲಿಗೆ ಅನ್ವಯಿಸುವುದಿಲ್ಲ. ಈ ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಪ್ರಶ್ನೆಯ ತಿರುಳಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬರೋಲೊ ತಯಾರಾಗುವುದು ನೆಬ್ಬಿಯೋಲೊ ಎಂಬ ಒಂದೇ ದ್ರಾಕ್ಷಿಯಿಂದ. ಬೇರೆ ತಳಿಯ ಒಂದು ಹನಿಯನ್ನೂ ಬೆರೆಸಲು ಕಾನೂನು ಬಿಡುವುದಿಲ್ಲ. ವಾಯವ್ಯ ಇಟಲಿಯ ಪಿಯೆಮೊಂತೆ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದ ನೈಋತ್ಯಕ್ಕಿರುವ 11 ಊರುಗಳ ಗುಡ್ಡದ ಇಳಿಜಾರುಗಳಲ್ಲಿ ಬೆಳೆದ ಹಣ್ಣಿಗೆ ಮಾತ್ರ ಈ ಹೆಸರಿನ ಹಕ್ಕು. ನೆಬ್ಬಿಯೋಲೊ ಬೆಳೆಗಾರನನ್ನು ಗೋಳಾಡಿಸುವ ಬಳ್ಳಿ. ವಸಂತದಲ್ಲಿ ಬೇಗ ಚಿಗುರುವುದರಿಂದ ಹಿಮಕ್ಕೆ ಸಿಕ್ಕಿಬೀಳುವ ಭಯ. ಮಾಗುವುದು ಮಾತ್ರ ಬಹಳ ನಿಧಾನ, ಹಿಂದೆಲ್ಲ ಕೊಯ್ಲು ಅಕ್ಟೋಬರ್ ನಡುವಿನವರೆಗೂ ಹೋಗುತ್ತಿತ್ತು. ಅಷ್ಟು ದೀರ್ಘ ಕಾಲದ ಬಿಸಿಲು ಸಿಗಬೇಕಾದರೆ ಇಳಿಜಾರು ದಕ್ಷಿಣಕ್ಕೋ ನೈಋತ್ಯಕ್ಕೋ ಮುಖ ಮಾಡಿರಬೇಕು. ಆದ್ದರಿಂದಲೇ ಚಳಿಗಾಲದಲ್ಲಿ ಹಿಮ ಮೊದಲು ಕರಗುವ ಜಾಗವನ್ನು ನೋಡಿಟ್ಟುಕೊಂಡು ಅಲ್ಲಿ ನೆಬ್ಬಿಯೋಲೊ ನೆಟ್ಟು, ಉಳಿದ ಕಡೆ ದೊಲ್ಚೆತ್ತೊ, ಬಾರ್ಬೆರಾ ತಳಿಗಳನ್ನು ಹಾಕುವುದು ಅಲ್ಲಿನ ಹಳೆಯ ರೂಢಿ.

ಬಣ್ಣ ತೆಳುವಾಗಿರುವುದಕ್ಕೆ ಕಾರಣ ಈ ಹಣ್ಣಿನ ಸಿಪ್ಪೆಯಲ್ಲಿದೆ. ಕೆಂಪು ವೈನಿಗೆ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ವರ್ಣದ್ರವ್ಯಗಳು. ಕಾಬರ್ನೆ ಸೋವಿನ್ಯೋನ್, ಶಿರಾಜ್‌ಗಳಲ್ಲಿ ಇವುಗಳ ಪೈಕಿ ಮಾಲ್ವಿಡಿನ್ ವರ್ಗದ್ದು ಹೆಚ್ಚು, ಅದು ಬಹುಮಟ್ಟಿಗೆ ಸ್ಥಿರ. ನೆಬ್ಬಿಯೋಲೊದಲ್ಲಿ ಒಟ್ಟು ವರ್ಣದ್ರವ್ಯವೇ ಕಡಿಮೆ. ಇರುವುದರಲ್ಲೂ ಗಾಳಿ ತಾಗಿದರೆ ಬೇಗ ಮಾಸುವ ಪಿಯೊನಿಡಿನ್, ಸಯನಿಡಿನ್ ವರ್ಗದ್ದೇ ದೊಡ್ಡ ಪಾಲು. ರಸ ಹುದುಗುವ ಹೊತ್ತಿಗೇ ಅದರಲ್ಲಿ ಒಂದಷ್ಟು ಕಳೆದುಹೋಗಿರುತ್ತದೆ. ಹಾಗಾಗಿ ನಾಲ್ಕೈದು ವರ್ಷದ ಬರೋಲೊ ಕೂಡ ಲೋಟದ ಆಚೆಗಿನ ಬೆರಳು ಕಾಣುವಷ್ಟು ಪಾರದರ್ಶಕವಾಗಿ, ಅಂಚಿನಲ್ಲಿ ಕಿತ್ತಳೆ ಛಾಯೆ ಹೊತ್ತಿರುವುದು ಸಾಮಾನ್ಯ. ಇನ್ನೊಂದು ತಳಿಯ ವೈನ್ ಇದೇ ವಯಸ್ಸಿಗೆ ಇದೇ ಬಣ್ಣಕ್ಕೆ ಬಂದಿದ್ದರೆ ನಾನೇ ಅನುಮಾನಪಡುತ್ತಿದ್ದೆ. ಬರೋಲೊ ವಿಷಯದಲ್ಲಿ ಬಣ್ಣದಿಂದ ವಯಸ್ಸನ್ನು ಅಳೆಯಲು ಹೋಗಬಾರದು. ಇಷ್ಟು ವರ್ಷದ ಬರೋಲೊ ಕಡುನೇರಳೆಯಾಗಿ ಕಂಡರೆ ಆಗ ಹುಬ್ಬೇರಿಸಬೇಕು.

ಇಷ್ಟು ತೆಳು ಕಾಣುವ ವೈನ್ ಬಾಯಲ್ಲಿ ಇಷ್ಟು ಗಟ್ಟಿಯಾಗಿರುವುದೇ ಹೊಸಬರನ್ನು ದಿಗಿಲುಗೊಳಿಸುವ ಸಂಗತಿ. ಸಿಪ್ಪೆಯಿಂದಲೂ ಬೀಜದಿಂದಲೂ ಇಳಿಯುವ ಟ್ಯಾನಿನ್ ಎಂಬ ಒಗರಿನ ದ್ರವ್ಯ ನೆಬ್ಬಿಯೋಲೊದಲ್ಲಿ ಅಪಾರ. ಅದು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಗರಣೆ ಕಟ್ಟಿಸುತ್ತದೆ. ನಾಲಗೆ, ಒಸಡುಗಳ ಮೇಲಿನ ಜಾರುವಿಕೆ ಹೋಗಿ ಒರಟು ಅನುಭವ ಉಳಿಯುತ್ತದೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಚೊಗರನ್ನು ನಾಲಗೆಗೆ ತಾಗಿಸಿ ನೋಡಿದವರಿಗೆ ಇದು ಅಪರಿಚಿತವಲ್ಲ, ಅಲ್ಲಿ ಕೆಲಸ ಮಾಡುವುದೂ ಟ್ಯಾನಿನ್ನೇ. ಇದರ ಜೊತೆಗೆ ನೆಬ್ಬಿಯೋಲೊದ ಹುಳಿಯೂ ಚುರುಕು. ಒಗರು ಮತ್ತು ಹುಳಿ ಸೇರಿದಾಗ ಎಳೆಯ ಬರೋಲೊ ಕುಡಿಯುವವನನ್ನು ದೂರ ತಳ್ಳುತ್ತದೆ. ಆದರೆ ದಶಕಗಟ್ಟಲೆ ಅದನ್ನು ಹಾಳಾಗದಂತೆ ಕಾಯುವುದೂ ಇವೆರಡೇ.

ನಿಮ್ಮ ಲೇಬಲ್ ಮೇಲಿರುವ ಸೆರ್ರಾಲುಂಗಾ ದಾಲ್ಬಾ ಎಂಬ ಊರಿನ ಹೆಸರಿಗೂ ನಿಮ್ಮ ಅನುಭವಕ್ಕೂ ಸಂಬಂಧವಿದೆ. ಬರೋಲೊ ಸೀಮೆಯನ್ನು ಮಣ್ಣಿನ ಆಧಾರದ ಮೇಲೆ ಎರಡು ಪಾಲು ಮಾಡುವುದು ಹಳೆಯ ಪದ್ಧತಿ. ಪಶ್ಚಿಮದ ಲಾ ಮೊರ್ರಾ ಮತ್ತು ಬರೋಲೊ ಊರುಗಳಲ್ಲಿ ಟೋರ್ಟೋನಿಯನ್ ಎಂಬ ಭೂವೈಜ್ಞಾನಿಕ ಕಾಲದ, ನೀಲಿ ಬೂದು ಛಾಯೆಯ ಸುಣ್ಣದಂಶದ ಜೇಡಿಮಣ್ಣು. ಅಲ್ಲಿನ ವೈನ್ ಪರಿಮಳದಲ್ಲಿ ಮುಂದು, ಬಾಯಲ್ಲಿ ಮೃದು, ಬೇಗ ಕೈಗೆ ಬರುತ್ತದೆ. ಪೂರ್ವದ ಸೆರ್ರಾಲುಂಗಾ ಮತ್ತು ಮೊನ್‌ಫೋರ್ತೆ ದಾಲ್ಬಾ ಕಡೆ ಅದಕ್ಕಿಂತ ಹಳೆಯ, ಮರಳುಗಲ್ಲಿನ ಪದರಗಳು ಸೇರಿದ, ಸತ್ವ ಕಡಿಮೆಯಿರುವ ಮಣ್ಣು. ಅಲ್ಲಿನ ವೈನ್ ಬಿಗಿ, ಒಗರು ಹೆಚ್ಚು, ತೆರೆದುಕೊಳ್ಳಲು ಹೆಚ್ಚು ವರ್ಷ ಬೇಡುತ್ತದೆ. ಕಾಸ್ತಿಲ್ಯೋನೆ ಫಲ್ಲೆತ್ತೊ ಇವೆರಡರ ನಡುವೆ ನಿಲ್ಲುತ್ತದೆ. ಈ ವಿಭಜನೆ ಸ್ಥೂಲವಾದದ್ದು ನಿಜ; 2010ರಲ್ಲಿ ತೋಟವಾರು ಗಡಿಗಳನ್ನು ಅಧಿಕೃತವಾಗಿ ಗುರುತಿಸಿ 181 ಹೆಸರುಗಳ ಪಟ್ಟಿ ಮಾಡಿದ ಮೇಲೆ ಜನ ಊರಿಗಿಂತ ತೋಟದ ಹೆಸರನ್ನೇ ಹಿಡಿದು ಮಾತಾಡುತ್ತಾರೆ. ಹಾಗಿದ್ದರೂ ಕೈಯಲ್ಲಿರುವುದು ಸೆರ್ರಾಲುಂಗಾದ ಬಾಟಲಿಯಾದರೆ, ಅದೇ ವರ್ಷದ ಲಾ ಮೊರ್ರಾ ಬಾಟಲಿಗಿಂತ ಐದಾರು ವರ್ಷ ಹೆಚ್ಚು ತಾಳ್ಮೆ ಬೇಕು ಎಂದುಕೊಳ್ಳುವುದು ತಪ್ಪಾಗುವುದಿಲ್ಲ.

ಕಾನೂನಿನ ಪ್ರಕಾರ ಬರೋಲೊ ಕೊಯ್ಲಿನ ವರ್ಷದ ನವೆಂಬರ್ 1ರಿಂದ ಲೆಕ್ಕ ಹಿಡಿದು ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ರಿಸೆರ್ವಾ ಎಂದು ಬರೆಯಬೇಕಾದರೆ 62 ತಿಂಗಳು. ಅಂದರೆ ನಿಮ್ಮ 2016ರ ವೈನ್ 2020ರ ಜನವರಿಗೆ ಮೊದಲು ಅಂಗಡಿಗೆ ಬರುವಂತಿರಲಿಲ್ಲ. ಇಷ್ಟು ಕಾಯಿಸಿ ಮಾರುತ್ತಾರೆಂದ ಮೇಲೆ ಕೊಂಡ ದಿನವೇ ಕುಡಿಯಬಹುದು ಎಂದು ಅನೇಕರು ತಿಳಿಯುತ್ತಾರೆ. ಆ 38 ತಿಂಗಳು ಮಾರಲು ಬೇಕಾದ ಕನಿಷ್ಠ ಅರ್ಹತೆ ಮಾತ್ರ. ಕುಡಿಯಲು ಹದವಾಗಿದೆ ಎಂಬುದಕ್ಕೆ ಅದು ಖಾತರಿಯಲ್ಲ.

ತಯಾರಿಕೆಯ ವಿಧಾನವೂ ವೈನಿನ ಆಯುಸ್ಸನ್ನು ನಿರ್ಧರಿಸುತ್ತದೆ, ಮತ್ತು ಇದರ ಸುತ್ತ ಆ ಊರುಗಳಲ್ಲಿ ದೊಡ್ಡ ಜಗಳವೇ ನಡೆದಿದೆ. ಹಳೆಯ ಪದ್ಧತಿಯಲ್ಲಿ ಸಿಪ್ಪೆಯನ್ನು ರಸದಲ್ಲಿ ಮುಳುಗಿಸಿ ಒಂದು ತಿಂಗಳು, ಕೆಲವೊಮ್ಮೆ ಎರಡು ತಿಂಗಳು ಬಿಡುತ್ತಿದ್ದರು. ಆಮೇಲೆ ಸಾವಿರಾರು ಲೀಟರ್ ಹಿಡಿಸುವ, ಹತ್ತಾರು ವರ್ಷ ಬಳಸಿದ ದೊಡ್ಡ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಅಷ್ಟು ದೊಡ್ಡ ಪೀಪಾಯಿಯಲ್ಲಿ ವೈನಿಗೆ ಮರದ ರುಚಿ ಹತ್ತುವುದಿಲ್ಲ, ಗಾಳಿಯ ಸಂಪರ್ಕವೂ ಮಿತ. ಹೀಗೆ ಮಾಡಿದ ವೈನ್ ಮೊದಲ ಹತ್ತು ವರ್ಷ ಕಲ್ಲಿನಂತಿರುತ್ತಿತ್ತು. ಕೊಳ್ಳುವವರು ಕಾಯಲು ಸಿದ್ಧರಿರಲಿಲ್ಲ, ಬೆಲೆಯೂ ಸಿಗುತ್ತಿರಲಿಲ್ಲ. 1980ರ ದಶಕದಲ್ಲಿ ಫ್ರಾನ್ಸಿನ ಬರ್ಗಂಡಿಗೆ ಹೋಗಿ ನೋಡಿ ಬಂದ ಕೆಲವು ಯುವ ಬೆಳೆಗಾರರು ಬೇರೆ ದಾರಿ ಹಿಡಿದರು: ಗೊನೆಗಳನ್ನು ತೆಗೆದು ಇಳುವರಿ ತಗ್ಗಿಸುವುದು, ಸಿಪ್ಪೆಯ ಸಂಪರ್ಕವನ್ನು ಒಂದು ವಾರ ಹತ್ತು ದಿನಕ್ಕೆ ಇಳಿಸುವುದು, 225 ಲೀಟರಿನ ಹೊಸ ಫ್ರೆಂಚ್ ಓಕ್ ಪೀಪಾಯಿ ಬಳಸುವುದು. ಅವರಲ್ಲೊಬ್ಬನಾದ ಎಲಿಯೊ ಅಲ್ತಾರೆ ತನ್ನ ತಂದೆಯ ಹಳೆಯ ಪೀಪಾಯಿಗಳನ್ನು ಯಂತ್ರದ ಗರಗಸದಿಂದ ಕೊಯ್ದುಹಾಕಿದ್ದು ಆ ಕಾಲದ ಹೆಸರುವಾಸಿ ಘಟನೆ. ಎದುರು ಪಾಳೆಯದಲ್ಲಿ ಬಾರ್ತೊಲೊ ಮಸ್ಕರೆಲ್ಲೊ ತನ್ನ ಕೈಯಿಂದ ಚಿತ್ರ ಬರೆದ ಲೇಬಲ್ ಮೇಲೆ, ಬಾರಿಕ್ ಬೇಡ, ಬೆರ್ಲುಸ್ಕೋನಿ ಬೇಡ ಎಂಬ ಅರ್ಥದ ಘೋಷಣೆಯನ್ನೇ ಹಾಕಿದ. ಬಾರಿಕ್ ಎಂದರೆ ಅದೇ ಸಣ್ಣ ಪೀಪಾಯಿ, ಬೆರ್ಲುಸ್ಕೋನಿ ಇಟಲಿಯ ರಾಜಕಾರಣಿ.

ನನ್ನ ಮಟ್ಟಿಗೆ ಆ ಜಗಳದಲ್ಲಿ ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ನ್ಯಾಯವಿತ್ತು. ಹಳೆಯ ಪೀಪಾಯಿಗಳಲ್ಲಿ ಎಷ್ಟೋ ಕೊಳಕಾಗಿದ್ದವು, ಅದರ ದೋಷವನ್ನು ಸಂಪ್ರದಾಯ ಎಂದು ಹೊಗಳುವುದರಲ್ಲಿ ಅರ್ಥವಿರಲಿಲ್ಲ. ಆದರೆ ಹೊಸ ಓಕ್‌ನ ವೆನಿಲಾ ವಾಸನೆ ನೆಬ್ಬಿಯೋಲೊದ ಸೂಕ್ಷ್ಮ ಪರಿಮಳವನ್ನು ಮುಚ್ಚಿಹಾಕುತ್ತದೆ ಎಂಬ ಹಿರಿಯರ ಆಕ್ಷೇಪವೇ ಕೊನೆಗೆ ಗೆದ್ದಿತು. ಇಂದು ಹೆಚ್ಚಿನವರು ಸ್ವಚ್ಛವಾದ ದೊಡ್ಡ ಪೀಪಾಯಿಗೆ ಮರಳಿದ್ದಾರೆ, ಸಿಪ್ಪೆಯ ಸಂಪರ್ಕವನ್ನು ಮೂರು ನಾಲ್ಕು ವಾರಕ್ಕೆ ನಿಲ್ಲಿಸುತ್ತಾರೆ. ಅದರಿಂದಾಗಿ 2010ರ ನಂತರದ ಬರೋಲೊಗಳು ಅಜ್ಜಂದಿರ ಕಾಲದವುಗಳಷ್ಟು ಕಠಿಣವಲ್ಲ; ಹತ್ತು ಹನ್ನೆರಡನೆಯ ವರ್ಷಕ್ಕೇ ಮಾತಿಗೆ ಸಿಗುತ್ತವೆ. ಬರೋಲೊಗೆ 20 ವರ್ಷ ಕಾಯಲೇಬೇಕು ಎಂಬ ಹಳೆಯ ನಂಬಿಕೆಯನ್ನು ಇಂದಿನ ಬಾಟಲಿಗಳಿಗೆ ಹಾಗೆಯೇ ಹೊಂದಿಸಲಾಗದು.

ಇನ್ನು 2016. ಈ ಶತಮಾನದಲ್ಲಿ ಲಾಂಗೆಗೆ ದಕ್ಕಿದ ಅತ್ಯುತ್ತಮ ವರ್ಷಗಳಲ್ಲಿ ಅದೂ ಒಂದು ಎನ್ನುವುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಬೆಳೆಯ ಅವಧಿ ದೀರ್ಘವಾಗಿತ್ತು. ಸೆಪ್ಟೆಂಬರ್‌ನಲ್ಲಿ ಹಗಲು ಬೆಚ್ಚಗೆ, ರಾತ್ರಿ ತಣ್ಣಗೆ ಇದ್ದು ಹಣ್ಣು ಹುಳಿ ಕಳೆದುಕೊಳ್ಳದೆ ಪೂರ್ಣ ಮಾಗಿತು. ಟ್ಯಾನಿನ್, ಹುಳಿ, ಹಣ್ಣಿನ ಸತ್ವ ಮೂರೂ ಸಮತೂಕದಲ್ಲಿರುವುದರಿಂದ ದೀರ್ಘಕಾಲ ಇಡಲು ಹೇಳಿ ಮಾಡಿಸಿದ ವರ್ಷವಿದು. 2010 ಮತ್ತು 2013 ಇದೇ ಜಾತಿಯವು. 2011, 2015, 2017ರಂಥ ಬಿಸಿ ವರ್ಷಗಳ ವೈನ್ ಬೇಗ ತೆರೆದುಕೊಳ್ಳುತ್ತದೆ. 2014 ಮಳೆಯ ವರ್ಷ, ಚೆನ್ನಾಗಿ ಮಾಡಿದವರ ವೈನ್ ನಾಜೂಕಾಗಿದ್ದರೂ ಮೈಕಟ್ಟು ಹಗುರ. ಸೆರ್ರಾಲುಂಗಾ ಮತ್ತು 2016 ಒಂದೇ ಲೇಬಲ್ ಮೇಲೆ ಸೇರಿವೆ ಎಂದರೆ ಬಿಗಿಯ ಮೇಲೆ ಬಿಗಿ. ಅಂಥ ವೈನನ್ನು ನೀವು ತೆರೆದ ಕ್ಷಣದಲ್ಲೇ, ಗಾಳಿಯಾಡಲು ಬಿಡದೆ, ಯುಗಾದಿ ಹೊತ್ತಿನ ಮೈಸೂರಿನ ಸೆಕೆಯಲ್ಲಿ ಕುಡಿದಿದ್ದೀರಿ. ಒಸಡು ಹಿಡಿದುಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಬಾಟಲಿಯೊಳಗೆ ವರ್ಷಗಳ ಕಾಲ ನಡೆಯುವುದಾದರೂ ಏನು? ಟ್ಯಾನಿನ್ ಅಣುಗಳು ತಮ್ಮತಮ್ಮೊಳಗೂ ವರ್ಣದ್ರವ್ಯಗಳ ಜೊತೆಗೂ ಕೂಡಿಕೊಳ್ಳುತ್ತವೆ, ಹುಳಿಯ ಮಾಧ್ಯಮದಲ್ಲಿ ಕೆಲವು ಸರಪಳಿಗಳು ಮುರಿದು ಮತ್ತೆ ಬೇರೆ ರೀತಿ ಜೋಡಣೆಯಾಗುತ್ತವೆ, ದೊಡ್ಡವು ಗಷ್ಟಾಗಿ ತಳಕ್ಕಿಳಿಯುತ್ತವೆ. ಟ್ಯಾನಿನ್ ಉದ್ದವಾಗಿ ಬೆಳೆದು ಬಿದ್ದುಹೋಗುವುದರಿಂದಲೇ ವೈನ್ ಮೃದುವಾಗುತ್ತದೆ ಎಂದು ಹಿಂದೆ ಸರಳವಾಗಿ ಹೇಳುತ್ತಿದ್ದರು. ವಾಸ್ತವ ಅದಕ್ಕಿಂತ ಜಟಿಲ, ಆದರೆ ಬಾಯಿಗೆ ಸಿಗುವ ಫಲ ಒಂದೇ, ಒರಟುತನ ಇಳಿಯುತ್ತದೆ. ಕಾರ್ಕಿನ ಮೂಲಕ ಅತ್ಯಲ್ಪ ಪ್ರಮಾಣದಲ್ಲಿ ನುಸುಳುವ ಆಮ್ಲಜನಕ ಇದಕ್ಕೆ ನೆರವಾಗುತ್ತದೆ. ಅತ್ತ ಎಳೆಯ ವೈನಿಗೆ ತಾಜಾ ಹಣ್ಣಿನ ವಾಸನೆ ಕೊಡುವ ಎಸ್ಟರುಗಳು ನಿಧಾನವಾಗಿ ಒಡೆಯುತ್ತವೆ. ಸಕ್ಕರೆಯ ಅಣುವಿಗೆ ಅಂಟಿಕೊಂಡು ಇಷ್ಟು ದಿನ ವಾಸನೆಯಿಲ್ಲದೆ ಅಡಗಿದ್ದ ಕೆಲವು ಸಂಯುಕ್ತಗಳು ಬಿಡುಗಡೆಯಾಗುತ್ತವೆ. ಚೆರ್ರಿ, ರಾಸ್‌ಬೆರ್ರಿ, ಹೊಸ ಗುಲಾಬಿಯ ಜಾಗಕ್ಕೆ ಒಣ ಗುಲಾಬಿ ದಳ, ಡಾಂಬರು, ಜ್ಯೇಷ್ಠಮಧು, ಹೊಗೆಸೊಪ್ಪು, ಚರ್ಮ, ಮಳೆಗೆ ನೆನೆದ ತರಗೆಲೆ, ಕೊನೆಗೆ ಆಲ್ಬಾದ ಪ್ರಸಿದ್ಧ ಬಿಳಿ ಟ್ರಫಲ್ ಅಣಬೆಯನ್ನು ನೆನಪಿಸುವ ವಾಸನೆಗಳು ಬರುತ್ತವೆ. ಡಾಂಬರು ಮತ್ತು ಗುಲಾಬಿ ಎನ್ನುವುದು ಬರೋಲೊ ವರ್ಣನೆಯಲ್ಲಿ ಸವೆದ ಮಾತು, ಆದರೂ ಒಳ್ಳೆಯ ಬಾಟಲಿ ಸಿಕ್ಕಾಗ ಅದಕ್ಕಿಂತ ಸರಿಯಾದ ಮಾತು ಹೊಳೆಯುವುದಿಲ್ಲ.

ಈ ಪಯಣ ನೇರ ಗೆರೆಯಲ್ಲ. ಬಾಟಲಿಗೆ ತುಂಬಿದ ಮೊದಲ ಎರಡು ಮೂರು ವರ್ಷ ಹಣ್ಣಿನ ಲವಲವಿಕೆ ಇರುತ್ತದೆ. ಆಮೇಲೆ ವೈನ್ ಮುಚ್ಚಿಕೊಂಡು, ಪರಿಮಳ ಅಡಗಿ, ಬರೀ ಹುಳಿ ಒಗರು ಎದ್ದು ಕಾಣುವ ಒಂದು ಕಾಲ ಬರುತ್ತದೆ. ಅದನ್ನು ದಾಟಿದರೆ ಹತ್ತರಿಂದ ಹದಿನೈದನೆಯ ವರ್ಷದ ನಡುವೆ ಮೆಲ್ಲಗೆ ಅರಳುತ್ತದೆ. ಒಳ್ಳೆಯ ವರ್ಷದ್ದು, ಒಳ್ಳೆಯ ತೋಟದ್ದಾದರೆ ಮೂವತ್ತರವರೆಗೂ ಆ ಸ್ಥಿತಿಯಲ್ಲಿ ನಿಲ್ಲಬಲ್ಲದು. ಅದರಾಚೆ ಹಣ್ಣು ಸೊರಗಿ ಹುಳಿ ಮಾತ್ರ ಉಳಿಯುತ್ತದೆ. ಕೊಯ್ಲಾಗಿ ಹತ್ತು ವರ್ಷದ ಆಸುಪಾಸಿನಲ್ಲಿರುವ ನಿಮ್ಮ ಬಾಟಲಿ ಅರಳುವ ಕಾಲದ ಹೊಸ್ತಿಲಲ್ಲಿದೆ.

ಇಲ್ಲಿಯವರೆಗೆ ಹೇಳಿದ ಎಲ್ಲ ಲೆಕ್ಕವೂ 12ರಿಂದ 14 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ, ಕತ್ತಲೆಯ, ಸುಮಾರು ಶೇಕಡಾ 70ರ ತೇವಾಂಶದ ನೆಲಮಾಳಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಮೈಸೂರು ಬೆಂಗಳೂರುಗಳ ಹವೆ ಹಿತವಾದದ್ದೆಂದು ನಾವು ಹೆಮ್ಮೆಪಡುತ್ತೇವೆ, ಮನುಷ್ಯರಿಗೆ ಅದು ನಿಜ. ವೈನಿಗೆ ನಮ್ಮ ಡಿಸೆಂಬರ್ ಕೂಡ ಬೆಚ್ಚಗೇ ಆಯಿತು. ಮಾರ್ಚಿನಿಂದ ಮೇ ತನಕ ತಾರಸಿಯ ಕೆಳಗಿನ ಕೋಣೆಯಲ್ಲಿ ಮಧ್ಯಾಹ್ನ 30 ಡಿಗ್ರಿ ದಾಟುವುದು ಸಾಮಾನ್ಯ, ಬೀರುವಿನ ಮೇಲ್ಭಾಗವಂತೂ ಆ ಕೋಣೆಯ ಅತಿ ಬಿಸಿ ಜಾಗ. ಉಷ್ಣಾಂಶ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಒರಟು ಲೆಕ್ಕ. ಹಾಗಾದರೆ ಇಪ್ಪತ್ತು ವರ್ಷದ ಮಾಗುವಿಕೆ ಇಲ್ಲಿ ಏಳೆಂಟು ವರ್ಷದಲ್ಲೇ ಮುಗಿದು ನಮಗೆ ಲಾಭವೇ ಆಯಿತಲ್ಲ ಎಂದು ಕೇಳುವವರಿದ್ದಾರೆ. ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ವೇಗ ಪಡೆಯುವುದಿಲ್ಲ ಎನ್ನುವುದೇ ತೊಡಕು. ತಣ್ಣಗಿದ್ದಾಗ ಹೆಸರಿಗಷ್ಟೇ ನಡೆಯುತ್ತಿದ್ದ ಕೆಲವು ಕ್ರಿಯೆಗಳು ಸೆಕೆಯಲ್ಲಿ ಮುನ್ನುಗ್ಗುತ್ತವೆ. ಒಗರು ಇಳಿಯುವ ಮೊದಲೇ ಹಣ್ಣು ಬೆಂದುಹೋಗುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗುವ ದ್ರವ ಕಾರ್ಕನ್ನು ಒತ್ತಿ ಸಡಿಲಿಸಿ ಗಾಳಿಗೆ ದಾರಿ ಮಾಡಿಕೊಡುತ್ತದೆ. ನಮ್ಮ ಮನೆಗಳಲ್ಲಿ ಎಳೆತನದಿಂದ ನಿರಾಶೆಗೊಳಿಸಿದ ಬಾಟಲಿಗಳಿಗಿಂತ ಹೀಗೆ ಬೆಂದು ಸತ್ತವುಗಳೇ ಹೆಚ್ಚೆಂದು ನನ್ನ ಅನಿಸಿಕೆ.

ಆದ್ದರಿಂದ ಈ ಉತ್ತರ ಓದಿ ಮುಗಿಸಿದ ಕೂಡಲೇ ಬಾಟಲಿಯನ್ನು ಕೆಳಗಿಳಿಸಿ ಪರೀಕ್ಷಿಸಿ. ಕಾರ್ಕಿನ ಮೇಲಿನ ಹೊದಿಕೆ ಬಾಟಲಿಯ ಬಾಯಿಯ ಮಟ್ಟಕ್ಕಿಂತ ಉಬ್ಬಿದೆಯೇ, ಬೆರಳಿನಿಂದ ತಿರುವಿದರೆ ಸಲೀಸಾಗಿ ತಿರುಗುತ್ತದೆಯೇ ಅಥವಾ ಅಂಟಿಕೊಂಡಿದೆಯೇ ನೋಡಿ. ಅಂಟಿಕೊಂಡು, ಕೆಳಗೆ ಒಣಗಿದ ಕೆಂಪು ಕಲೆ ಇದ್ದರೆ ವೈನ್ ಸೋರಿದೆ ಎಂದರ್ಥ. ನೇರವಾಗಿ ನಿಲ್ಲಿಸಿದಾಗ ವೈನಿನ ಮಟ್ಟ ಕತ್ತಿನಲ್ಲಿರಬೇಕು. ಹತ್ತು ವರ್ಷದ ಬಾಟಲಿಯಲ್ಲಿ ಅದು ಭುಜದವರೆಗೆ ಇಳಿದಿದ್ದರೆ ಲಕ್ಷಣ ಒಳ್ಳೆಯದಲ್ಲ. ಈ ಯಾವುದಾದರೂ ಕಂಡರೆ ಮುಂದಿನ ಲೆಕ್ಕಾಚಾರ ಬಿಟ್ಟು ಈ ವಾರವೇ ತೆರೆಯಿರಿ.

ಏನೂ ಕಾಣದಿದ್ದರೆ ಆಯ್ಕೆ ನಿಮ್ಮದು. ವೈನಿಗೆಂದೇ ಬರುವ ಸಣ್ಣ ತಂಪು ಕಪಾಟು ಮನೆಯಲ್ಲೋ ಸ್ನೇಹಿತರಲ್ಲೋ ಇದ್ದು, ವಿದ್ಯುತ್ ಹೋದರೂ ನೋಡಿಕೊಳ್ಳುವ ವ್ಯವಸ್ಥೆಯಿದ್ದರೆ ಬಾಟಲಿಯನ್ನು ಅಡ್ಡ ಮಲಗಿಸಿ, ಕಾರ್ಕ್ ತೇವವಾಗಿರುವಂತೆ, 13 ಡಿಗ್ರಿಯಲ್ಲಿಡಿ. 2030ರಿಂದ 2036ರೊಳಗೆ ತೆರೆಯಿರಿ. ಬೀರುವಿನ ಮೇಲೆ ಅದು ಒಂದು ಬೇಸಿಗೆಯನ್ನಾದರೂ ಕಳೆದಿರಬಹುದಾದ್ದರಿಂದ 2040ರ ಆಸೆಯನ್ನು ನಾನು ಇಟ್ಟುಕೊಳ್ಳುತ್ತಿರಲಿಲ್ಲ. ಅಂಥ ಕಪಾಟು ಇಲ್ಲದಿದ್ದರೆ ಅಡುಗೆಮನೆಯ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ, ಪತ್ರಿಕೆ ಸುತ್ತಿ, ಆರೇಳು ತಿಂಗಳು ಇಡಬಹುದು. ಅಲ್ಲಿನ ಒಣಗಾಳಿ ಮತ್ತು ಅತಿ ತಂಪು ವರ್ಷಗಟ್ಟಲೆ ಇಡಲು ತಕ್ಕದ್ದಲ್ಲ, ಆದರೆ 30 ಡಿಗ್ರಿಯ ಕೋಣೆಗಿಂತ ನೂರು ಪಾಲು ಮೇಲು. ಹಾಗಿದ್ದಾಗ ಮುಂದಿನ ಚಳಿಗಾಲದೊಳಗೆ ಕುಡಿದುಬಿಡುವುದೇ ಸರಿ. ಸ್ವಲ್ಪ ಬೇಗ ತೆರೆದ ಬರೋಲೊವನ್ನು ಗಾಳಿಯಿಂದಲೂ ಊಟದಿಂದಲೂ ಸರಿದೂಗಿಸಬಹುದು, ಬೆಂದುಹೋದದ್ದನ್ನು ಯಾವುದರಿಂದಲೂ ಸರಿಪಡಿಸಲಾಗದು.

ತೆರೆಯುವ ಹಿಂದಿನ ದಿನವೇ ಬಾಟಲಿಯನ್ನು ನೇರ ನಿಲ್ಲಿಸಿ, ಗಷ್ಟು ತಳಕ್ಕೆ ಕೂರಲಿ. ಊಟಕ್ಕೆ ಮೂರು ಗಂಟೆ ಮೊದಲು ಕಾರ್ಕ್ ತೆಗೆದು, ವಾಸನೆಯಿಲ್ಲದ ಅಗಲ ತಳದ ಗಾಜಿನ ಹೂಜಿಗೆ ನಿಧಾನವಾಗಿ ಬಗ್ಗಿಸಿ. ಬಾಟಲಿಯ ಭುಜದ ಹಿಂದೆ ಮೊಬೈಲಿನ ಬೆಳಕು ಹಿಡಿದರೆ ಕಪ್ಪು ಗಷ್ಟು ಕತ್ತಿನತ್ತ ಬರುವುದು ಕಾಣುತ್ತದೆ, ಅಲ್ಲಿಗೆ ನಿಲ್ಲಿಸಿ. ಮೂವತ್ತು ವರ್ಷ ಮೀರಿದ ಬಾಟಲಿಯಾದರೆ ನಾನು ಇಷ್ಟು ಗಾಳಿಯಾಡಿಸಲು ಹೇಳುತ್ತಿರಲಿಲ್ಲ, ಅದರಲ್ಲಿ ಉಳಿದಿರುವ ಪರಿಮಳವೇ ಹಾರಿಹೋಗಬಹುದು. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕೊಡಬೇಕು ಎನ್ನುವ ಮಾತು ಯುರೋಪಿನ ಚಳಿ ಕೋಣೆಗಳಿಗೆ ಹುಟ್ಟಿದ್ದು. ನಮ್ಮಲ್ಲಿ ಹೂಜಿಯನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು 17 ಡಿಗ್ರಿಗೆ ತರಬೇಕು. ತೀರ ತಣ್ಣಗಾದರೆ ಒಗರು ಇನ್ನೂ ಬಿಗಿಯಾಗುತ್ತದೆ, ಬೆಚ್ಚಗಾದರೆ ಶೇಕಡಾ 14.5ರ ಮದ್ಯಸಾರ ಮೂಗಿಗೆ ಹೊಡೆಯುತ್ತದೆ.

ಬರೀ ಹುರಿಗಡಲೆ, ಚಿಪ್ಸ್ ಜೊತೆ ಈ ವೈನ್ ಕುಡಿಯಬೇಡಿ. ಟ್ಯಾನಿನ್‌ಗೆ ಹಿಡಿದುಕೊಳ್ಳಲು ಊಟದ ಪ್ರೋಟೀನ್ ಮತ್ತು ಕೊಬ್ಬು ಸಿಕ್ಕರೆ ಅದು ನಿಮ್ಮ ಜೊಲ್ಲನ್ನು ಬಿಟ್ಟುಬಿಡುತ್ತದೆ. ಪಿಯೆಮೊಂತೆಯವರು ದನದ ಮಾಂಸವನ್ನು ಇದೇ ವೈನಿನಲ್ಲಿ ಗಂಟೆಗಟ್ಟಲೆ ಬೇಯಿಸಿಯೋ, ಮೊಟ್ಟೆಯ ಹಳದಿ ಹೇರಳವಾಗಿ ಹಾಕಿದ ಸಣ್ಣ ಎಳೆಯ ಪಾಸ್ತಾವನ್ನು ಬೆಣ್ಣೆಯಲ್ಲಿ ಹೊರಳಿಸಿಯೋ ಇದರ ಜೊತೆ ತಿನ್ನುತ್ತಾರೆ. ನಮ್ಮ ಅಡುಗೆಯಲ್ಲಿ ಮೆಣಸಿನಕಾಯಿಯ ಖಾರವೇ ತೊಡಕು. ಖಾರವಿದ್ದಲ್ಲಿ ಒಗರೂ ಮದ್ಯಸಾರದ ಉರಿಯೂ ಇಮ್ಮಡಿಯಾಗುತ್ತವೆ. ಕಾಳುಮೆಣಸು ಹಾಕಿ ತುಪ್ಪದಲ್ಲಿ ನಿಧಾನ ಬೇಯಿಸಿದ ಮಟನ್, ಖಾರ ಕಡಿಮೆ ಮಾಡಿದ ಹಂದಿ ಮಾಂಸ, ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ ಅಥವಾ ಹಳೆಯ ಗಟ್ಟಿ ಚೀಸ್ ಚೆನ್ನಾಗಿ ಹೊಂದುತ್ತವೆ. ಹುಣಸೆ ಹುಳಿಯ ಸಾರು, ಗೊಜ್ಜುಗಳನ್ನು ಆ ಊಟಕ್ಕೆ ಇಡಬೇಡಿ.

ತಮ್ಮ ಮತ್ತೆ ಬರುವಾಗ ಒಬ್ಬರಿಗೆ ಸುಂಕವಿಲ್ಲದೆ ತರಲು ಬಿಡುವ ಎರಡು ಲೀಟರಿನಲ್ಲಿ ಒಂದು ಬಾಟಲಿಯನ್ನಾದರೂ ಲಾಂಗೆ ನೆಬ್ಬಿಯೋಲೊ ತರಲು ಹೇಳಿ. ಅದೇ ದ್ರಾಕ್ಷಿ, ಬಹುಪಾಲು ಅದೇ ಬೆಳೆಗಾರರು, ಎಷ್ಟೋ ಸಲ ಅದೇ ತೋಟದ ಎಳೆಯ ಬಳ್ಳಿಗಳ ಹಣ್ಣು. ಬೇಗ ಕುಡಿಯಲೆಂದೇ ಮಾಡಿದ್ದು, ಬೆಲೆಯೂ ಎಷ್ಟೋ ಕಡಿಮೆ. ಕಾಯುವ ಸೌಕರ್ಯವಿಲ್ಲದ ಮನೆಗೆ ನಾನು ಬರೋಲೊಗಿಂತ ಅದನ್ನೇ ಶಿಫಾರಸು ಮಾಡುತ್ತೇನೆ.

ಎರಡನೆಯ ಬಾಟಲಿಯನ್ನು ತೆರೆದ ದಿನ ಹೂಜಿಗೆ ಬಗ್ಗಿಸುವ ಮೊದಲೇ ಒಂದು ಲೋಟದಷ್ಟನ್ನು ಸಣ್ಣ ಗಾಜಿನ ಸೀಸೆಗೆ ಕಂಠದವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಮರುದಿನ ಸಂಜೆಯೂ ಅದರ ಮರುದಿನವೂ ಅರ್ಧರ್ಧ ಕುಡಿದು ನೋಡಿ. ಎರಡನೆಯ ದಿನ ಮೊದಲ ದಿನಕ್ಕಿಂತ ಪರಿಮಳ ಹೆಚ್ಚಿ ಒಗರು ತಗ್ಗಿದ್ದರೆ ಆ ವೈನಿಗೆ ಇನ್ನೂ ವರ್ಷಗಳ ಆಯುಸ್ಸಿತ್ತು ಎಂದು ತಿಳಿಯಿರಿ. ಮಂಕಾಗಿದ್ದರೆ ತೆರೆದದ್ದು ಸಕಾಲದಲ್ಲೇ. ಟ್ಯೂರಿನ್‌ನಲ್ಲಿ ತಮ್ಮನ ಬಳಿ ಅದೇ ವೈನಿನ ಬೇರೆ ಬಾಟಲಿಗಳು ಇದ್ದರೆ ಫಲಿತಾಂಶವನ್ನು ಅವರಿಗೂ ತಿಳಿಸಿ, ಜೊತೆಗೆ ನಿಮ್ಮ ಬಾಟಲಿ ಮೈಸೂರಿನ ಸೆಕೆ ಕಂಡದ್ದೆಂಬುದನ್ನೂ ಹೇಳಿ.